ಹೋದ್ರು ಅಂದರೆ ಎಲ್ಲಿಗೆ

“ನಿನ್ನ ಪುಸ್ತಕದ ಕೊನೇ ಪುಟದಲ್ಲಿ ಸಾಯಿಸಿದ್ದೀಯಲ್ಲ ಇರುವೆ ಟೀಚರ್, ಅವ್ರು ಈಗಷ್ಟೇ ನಮ್ಮಂಗಡಿಗೆ ಬಂದು ಕಣ್ಣು ತೋರಿಸ್ಕೊಂಡು ಹೋದ್ರು ಕಣೇ.”

ಫೋನಿನ ಆ ಕಡೆ ಅಕ್ಕ. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಗಳಿಲ್ಲದ ಹೊತ್ತಲ್ಲಿ ನನಗೆ ಫೋನ್ ಮಾಡಿ ರೇಗಿಸುವುದು ಅವಳ ಹಳೆಯ ಚಟ, ಹಾಗಾಗಿ ನಾನು ನಕ್ಕೆ. ಚಿಕ್ಕಮ್ಮನ ಪ್ರಕಾಶನದ ಹಿಂದಿನ ಕೋಣೆಯಲ್ಲಿ, ಆಗಷ್ಟೇ ಅಚ್ಚಾಗಿ ಬಂದಿದ್ದ ಹಾಳೆಗಳ ಕಟ್ಟಿನ ಮೇಲೆ ಕಾಲು ಮಡಚಿ ಕೂತು, ಮೊದಲ ಪುಟದಲ್ಲಿದ್ದ ನನ್ನ ಹೆಸರನ್ನು ಹದಿನೇಳನೇ ಸಲವೋ ಹದಿನೆಂಟನೇ ಸಲವೋ ಓದುತ್ತಿದ್ದೆ. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಬೇರೆ ಯಾರೋ ಇರಬೇಕು ಬಿಡು ಅಂದೆ. ಅಕ್ಕ ಬಿಡಲಿಲ್ಲ. ಆ ಮುದುಕಿ ಗೋಡೆಯ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನವರೆಗೂ ಗಡಗಡ ಓದಿದರಂತೆ. ಕಣ್ಣು ಚೆನ್ನಾಗಿಯೇ ಇದೆಯಲ್ಲ ಅಂತ ಅಕ್ಕ ಹೇಳಿದ್ದಕ್ಕೆ, ಅಕ್ಷರ ಯಾರಿಗೆ ಬೇಕು ಅಂತ ಚೀಲದಿಂದ ಒಂದು ಬೆಂಕಿಪೊಟ್ಟಣ ತೆಗೆದರಂತೆ. ಒಳಗೆ ಹತ್ತಿಯ ಮೇಲೆ ಒಂದು ಸತ್ತ ಇರುವೆ. ಅದರ ಮೀಸೆಯಲ್ಲಿ ಎಷ್ಟು ಗೆಣ್ಣು ಇವೆ ಅಂತ ಎಣಿಸಲು ಆಗಬೇಕು, ಅಂಥ ಗಾಜು ಹಾಕಿಕೊಡಿ ಅಂದರಂತೆ. ಆರ್ಡರ್ ಚೀಟಿಯಲ್ಲಿ ಬರೆದ ಹೆಸರು ನನ್ನ ಪುಸ್ತಕದಲ್ಲಿದ್ದದ್ದೇ. ಸಹಿಯ ಕೆಳಗೆ ಒಂದು ಪುಟಾಣಿ ಇರುವೆ, ಮೂರು ಚುಕ್ಕೆ, ಎರಡು ಗೀರು.

“ಟೀಚರ್ ಚಿತ್ರಗಳ ಕೆಳಗಿರೋ ಆ ಗುರುತನ್ನ ಒಂದು ತಿಂಗಳಿಂದ ಫ್ರಿಡ್ಜ್ ಮೇಲೂ ಅಂಟಿಸಿದ್ದೀಯ. ನನಗೆ ಗೊತ್ತಾಗಲ್ವಾ?”

ನಗು ನಿಂತಿತು. ಕಟ್ಟಿನ ಮೇಲಿಂದ ಮೆಲ್ಲಗೆ ಕೆಳಗಿಳಿದೆ. ಅಷ್ಟು ಹೊತ್ತೂ ನಾನು ಕೂತಿದ್ದು ಟೀಚರ್ ಸಾವಿನ ಸಾವಿರ ಪ್ರತಿಗಳ ಮೇಲೆ.

ಚಿಕ್ಕಮ್ಮ ಮಕ್ಕಳಿಗೋಸ್ಕರ ಜೀವನಚರಿತ್ರೆಗಳನ್ನು ಹೊರತರುತ್ತಾಳೆ. ಚಿತ್ರ ಬರೆದವರು, ಯಂತ್ರ ಮಾಡಿದವರು, ಆಕಾಶ ನೋಡಿದವರು, ರಾಗ ಕಟ್ಟಿದವರು, ಎಲ್ಲರಿಗೂ ಇಪ್ಪತ್ತನಾಲ್ಕೇ ಪುಟ. ಎಂಥ ಮಹಾಪುರುಷರಾದರೂ ಇಪ್ಪತ್ತೈದನೇ ಪುಟಕ್ಕೆ ಕಾಲಿಡುವ ಹಾಗಿಲ್ಲ. ಹನ್ನೆರಡು ಪುಸ್ತಕಗಳನ್ನು ದೊಡ್ಡ ದೊಡ್ಡ ಲೇಖಕರು ಬರೆದುಕೊಟ್ಟಿದ್ದರು. ಹದಿಮೂರನೆಯದಕ್ಕೆ ಯಾರೂ ಒಪ್ಪಲಿಲ್ಲ. ಇರುವೆ ಟೀಚರ್ ಬಗ್ಗೆ ನೋಡಿ ಬರೆಯಲು ಒಂದು ಹಳೆಯ ಪುಸ್ತಕವೂ ಇರಲಿಲ್ಲ. ಊರೆಲ್ಲ ಸುತ್ತಿ ಕೇಳಿಯೇ ಬರೆಯಬೇಕಿತ್ತು. ಹಾಗಾಗಿ ಅದು ನನ್ನ ಪಾಲಿಗೆ ಬಂತು.

ಅವರ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೂ ಅವರ ಚಾರ್ಟ್ ನೋಡದವರಿಲ್ಲ. ಪ್ರತಿ ಶಾಲೆಯ ಗೋಡೆಯಲ್ಲೂ ಅದು ಇರುತ್ತದೆ. ಮೇಲೆ ಬೆಕ್ಕಿನಷ್ಟು ದೊಡ್ಡ ಕರಿ ಇರುವೆ, ಕೆಳಗೆ ಗೂಡನ್ನು ಉದ್ದಕ್ಕೆ ಸೀಳಿ ತೋರಿಸಿದ ಚಿತ್ರ: ಉಗ್ರಾಣ, ಮರಿಗಳ ಕೋಣೆ, ರಾಣಿಯ ಕೋಣೆ, ಎಲ್ಲಿಗೂ ಹೋಗದ ಒಂದು ಕುರುಡು ದಾರಿ. ನಾನು ಗಣಿತದ ಪಾಠಗಳನ್ನೆಲ್ಲ ಆ ಕುರುಡು ದಾರಿಯಲ್ಲೇ ಕಳೆದವಳು. ಅದನ್ನು ಬರೆದವರು ಒಬ್ಬ ಮನುಷ್ಯರು ಅಂತ ಯಾವತ್ತೂ ಹೊಳೆದಿರಲಿಲ್ಲ. ಗೋಡೆಯ ಜೊತೆಗೇ ಬಂದಿತ್ತು ಅಂದುಕೊಂಡಿದ್ದೆ. ಅವರು ಮ್ಯೂಸಿಯಂನಲ್ಲಿ ಮಕ್ಕಳಿಗೆ ಪಾಠ ಮಾಡುತ್ತಾ, ಬಿಸಿಲು ಏರಿದ ಹಾಗೆ ಇರುವೆಗಳು ಎಷ್ಟು ಜೋರಾಗಿ ನಡೆಯುತ್ತವೆ ಅಂತ ಗಡಿಯಾರ ಹಿಡಿದು ಒಂಬತ್ತು ವರ್ಷ ಅಳೆದವರು, ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಸಾವಿರಾರು ಇರುವೆ ಬರೆದವರು ಅಂತ ತಿಳಿದಾಗ ನನಗೆ ಮೂರು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಕಂಡಕಂಡದ್ದನ್ನೆಲ್ಲ ಫೋನಿನಲ್ಲಿ ಟೈಪ್ ಮಾಡಿಕೊಂಡೆ. ಬಸ್ಸಿನಲ್ಲಿ ಟೈಪ್ ಮಾಡುತ್ತಾ ಎರಡು ಸಲ ನನ್ನ ಸ್ಟಾಪ್ ದಾಟಿಹೋದೆ.

ಮನೆಯಲ್ಲಿ ನನ್ನ ಅಡ್ಡಹೆಸರು ಗಡಿಬಿಡಿ. ಚಿಕ್ಕಮ್ಮನಿಗೂ ಅದು ಗೊತ್ತು. ಕೆಲಸ ಕೊಡುವಾಗಲೇ ಹೇಳಿದ್ದಳು, ಇದು ಸರಿಹೋದರೆ ಮುಂದಿನ ಮೂರು ಪುಸ್ತಕ ನಿನ್ನವು, ಇಲ್ಲದಿದ್ದರೆ ಸುಮ್ಮನೆ ಕಾಲೇಜಿಗೆ ಹೋಗಿ ಬಾ. ಅವಳದೊಂದು ಪದ್ಧತಿ ಇದೆ. ಹಸ್ತಪ್ರತಿಯ ಪ್ರತಿ ಸಾಲಿನ ಪಕ್ಕವೂ ಪೆನ್ಸಿಲಿನಲ್ಲಿ ‘ಹೇ.ಗೊ.’ ಅಂತ ಬರೆಯುತ್ತಾಳೆ. ‘ಹೇಗೆ ಗೊತ್ತು’ ಅಂತ. ಓದುವ ಮಗು ಎದ್ದು ನಿಂತು ಕೇಳಿದರೆ ಏನು ಹೇಳ್ತೀಯ? ಪ್ರತಿಯೊಂದಕ್ಕೂ ಪಕ್ಕದಲ್ಲಿ ಉತ್ತರ ಬರೆಯಬೇಕು, ಆಗ ಮಾತ್ರ ಸಾಲು ಉಳಿಯುತ್ತದೆ. ಟೀಚರಿಗೆ ಮಳೆ ಅಂದರೆ ಇಷ್ಟ ಅಂತ ಬರೆದಿದ್ದೆ. ಹೇ.ಗೊ. ಉತ್ತರ ಇರಲಿಲ್ಲ, ಸಾಲು ಹೋಯಿತು.

ಕೊನೆಯ ಪುಟದ ಹೇ.ಗೊ.ಗೆ ಮಾತ್ರ ನನ್ನ ಬಳಿ ಗಟ್ಟಿ ಉತ್ತರ ಇತ್ತು: ಬೀಗದ ತಾತ ಹೇಳಿದರು.

ಬೀಗದ ತಾತ ಅಂದರೆ ಮ್ಯೂಸಿಯಂನ ಬೀಗದ ಕೈಗಳನ್ನೆಲ್ಲ ಇಟ್ಟುಕೊಂಡಿರುವವರು. ಕೆಲಸದಿಂದ ನಿವೃತ್ತಿಯಾಗಿ ಎರಡು ವರ್ಷ ಆಯಿತು, ಆದರೆ ಯಾವ ಕೈ ಯಾವ ಬೀಗದ್ದು ಅಂತ ಇನ್ನೊಬ್ಬರಿಗೆ ಗೊತ್ತಿಲ್ಲದ ಕಾರಣ ಅವರನ್ನು ಮನೆಗೆ ಕಳಿಸಲು ಯಾರಿಗೂ ಧೈರ್ಯ ಬಂದಿಲ್ಲ. ಟೀಚರ್ ಬಗ್ಗೆ ಕೇಳಿದಾಗ ಅವರು ಬೀಗದ ಕೈಗಳ ಗೊಂಚಲನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, “ಹೋಗ್ಬಿಟ್ರು ಮಗಳೇ. ಮೂವತ್ತೊಂದು ವರ್ಷ ಆಯ್ತು, ಜೂನ್ ತಿಂಗಳು. ಅವತ್ತು ನಾವೆಲ್ಲ ಅತ್ತುಬಿಟ್ವಿ,” ಅಂದರು. ಕಣ್ಣೊರೆಸಿಕೊಂಡರು. ಅಂಥ ಹೊತ್ತಿನಲ್ಲಿ ಹೋಗ್ಬಿಟ್ರು ಅಂದರೆ ಎಲ್ಲಿಗೆ ಅಂತ ಯಾರಾದರೂ ಕೇಳುತ್ತಾರಾ? ನಾನು ತಲೆ ತಗ್ಗಿಸಿ ಅಯ್ಯೋ ಅಂದೆ, ಹೊರಗೆ ಬಂದು ಫೋನಿನಲ್ಲಿ ಟೈಪ್ ಮಾಡಿದೆ: ಜೂನ್, ನಿಧನ. ಅದರ ಮೇಲೆ ನನ್ನ ಕಡೆಯಿಂದ ಇನ್ನೊಂದು ಸಾಲನ್ನೂ ಸೇರಿಸಿದೆ: ‘ಅವರ ಸಮಾಧಿಯ ಮೇಲೂ ಇಂದು ಇರುವೆಗಳು ಸಾಲಾಗಿ ನಡೆಯುತ್ತಿರಬಹುದು.’ ಈ ಸಾಲನ್ನು ಬರೆದು ಮುಗಿಸಿದಾಗ ನನಗೇ ಅಳು ಬಂದಿತ್ತು. ‘ಬಹುದು’ ಅಂತ ಇದ್ದದ್ದರಿಂದ ಅದಕ್ಕೆ ಹೇ.ಗೊ. ಬೀಳಲಿಲ್ಲ.

ಈಗ ಹಾಳೆಗಳು ಅಚ್ಚಾಗಿವೆ. ನಾಳೆ ಬೆಳಿಗ್ಗೆ ಬೈಂಡರ್ ಬಂದು ಮಡಚಿ ಪಿನ್ ಹೊಡೆಯುತ್ತಾರೆ. ಶನಿವಾರ ಒಂದು ಶಾಲೆಯ ಮಕ್ಕಳ ಕೈಗೆ ಪುಸ್ತಕ. ಯಾರಿಗೂ ಏನೂ ಹೇಳದೆ ಸುಮ್ಮನಿದ್ದುಬಿಡಬಹುದಾ ಅಂತ ಒಂದು ನಿಮಿಷ ಯೋಚಿಸಿದೆ. ಒಂದಲ್ಲ, ನಾಲ್ಕು ನಿಮಿಷ. ಯಾಕೆಂದರೆ ಪಿನ್ ಹೊಡೆಯುವ ಪುಸ್ತಕದಲ್ಲಿ ಮೊದಲ ಪುಟವೂ ಕೊನೆಯ ಪುಟವೂ ಒಂದೇ ಹಾಳೆಯ ಎರಡು ಮಗ್ಗುಲು. ಬಿಡಿಸಿ ಹಿಡಿದರೆ ಬಲಗಡೆ ನನ್ನ ಹೆಸರು, ಎಡಗಡೆ ಅವರ ಸಾವು. ಅದನ್ನು ಹರಿದರೆ ಇದೂ ಹರಿಯುತ್ತದೆ.

ಆದರೆ ಇನ್ನೊಂದು ಪ್ರಶ್ನೆ ಕೊರೆಯತೊಡಗಿತ್ತು. ಸತ್ತಿಲ್ಲ ಅಂದಮೇಲೆ ಅವತ್ತು ಜೂನಿನಲ್ಲಿ ಎಲ್ಲರೂ ಅತ್ತಿದ್ದು ಯಾಕೆ? ಚಿಕ್ಕಮ್ಮ ಅಂಚೆ ಕಚೇರಿಗೆ ಹೋಗಿದ್ದಳು, ಬರಲು ಇನ್ನೂ ಒಂದು ಗಂಟೆಯಾದರೂ ಬೇಕು. ಒಂದು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಮ್ಯೂಸಿಯಂ ಕಡೆ ಓಡಿದೆ.

ಬೀಗದ ತಾತ ಮೂರನೇ ಕೋಣೆಯ ಬಾಗಿಲಲ್ಲಿ ಬೀಗಕ್ಕೆ ಎಣ್ಣೆ ಬಿಡುತ್ತಿದ್ದರು.

“ತಾತ, ಇರುವೆ ಟೀಚರ್ ಹೋದ್ರು ಅಂದ್ರಲ್ಲ, ಹೇಗೆ ಹೋದ್ರು?”

“ಬಸ್ಸಲ್ಲಿ.”

“ಬಸ್ಸಲ್ಲಾ?”

“ಎರಡೂವರೆ ಬಸ್ಸು,” ಅವರು ವಿವರಿಸಿದರು. “ನಾನೇ ಟ್ರಂಕ್ ಹೊತ್ಕೊಂಡು ಹೋಗಿ ಹತ್ತಿಸಿದ್ದು. ಟ್ರಂಕ್ ತುಂಬ ಪೇಪರ್ರು, ಸೀಸೆ. ಒಂದು ಸೀಸೆ ಮುಚ್ಚಳ ಸಡಿಲ ಆಗಿ ಬಸ್ ತುಂಬ ಇರುವೆ. ಕಂಡಕ್ಟರ್ ಬೈದ ನೋಡು, ಅದಕ್ಕೇ ಜಾಸ್ತಿ ಅಳು ಬಂತು. ಯಾಕೆ, ನೀನೇನು ಅಂದ್ಕೊಂಡೆ?”

ಚೀಲದಿಂದ ಹಾಳೆ ತೆಗೆದು ಬಿಡಿಸಿ ತೋರಿಸಿದೆ. ತಾತ ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ತಂದು ನಿಧಾನಕ್ಕೆ ಓದಿದರು. ಸಮಾಧಿಯ ಸಾಲಿಗೆ ಬಂದಾಗ ಅವರ ಮುಖ ವಿಚಿತ್ರವಾಗಿ ಅಲುಗಾಡಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ನಗು ತಡೆಯಲಾಗದೆ ಎಣ್ಣೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಬಾಗಿಲು ಹಿಡಿದುಕೊಂಡರು.

ಸಾಕಷ್ಟು ನಕ್ಕಾದ ಮೇಲೆ ಉಳಿದದ್ದನ್ನು ಹೇಳಿದರು. ಚಾರ್ಟ್ ಅಚ್ಚಾಗಿ ಶಾಲೆಗಳಿಗೆಲ್ಲ ಹೋಗಿ ಆರು ತಿಂಗಳಾದ ಮೇಲೆ ಒಂದು ದಿನ ಟೀಚರ್ ಅದರ ಮುಂದೆ ನಿಂತು ಬಿಳಿಚಿಕೊಂಡರಂತೆ. ನೇರ ದೊಡ್ಡ ಸಾಹೇಬರ ಕೋಣೆಗೆ ಹೋಗಿ, ಇದರಲ್ಲಿ ತಪ್ಪಿದೆ, ನನ್ನದೇ ತಪ್ಪು, ಎಲ್ಲವನ್ನೂ ವಾಪಸ್ ತರಿಸಿ ಅಂದರಂತೆ. ಸಾಹೇಬರು, ಅಷ್ಟು ಚಿಕ್ಕದನ್ನು ಯಾರು ನೋಡ್ತಾರೆ ಬಿಡಿ ಅಂದರು. ಒಂದು ವಾರ ಜಗಳ ನಡೆಯಿತು. ಕೊನೆಗೆ ಟೀಚರ್ ರಾಜೀನಾಮೆ ಬರೆದಿಟ್ಟು ಹೋದರು.

“ಏನು ತಪ್ಪು ತಾತ?”

“ಅದೇ ನೋಡು. ಹೇಳ್ಲಿಲ್ಲ. ಮೂವತ್ತೊಂದು ವರ್ಷದಿಂದ ದಿನಾ ಬೀಗ ತೆಗೆದು ನೋಡ್ತೀನಿ. ನನಗೆ ಸಿಕ್ಕಿಲ್ಲ.”

ಮೂಲ ಚಾರ್ಟ್ ಆ ಕೋಣೆಯ ಒಳಗೇ, ಗಾಜಿನ ಚೌಕಟ್ಟಿನಲ್ಲಿ ಇತ್ತು. ನಾನು ಅದರ ಮುಂದೆ ನಿಂತೆ. ಬಾಲ್ಯವಿಡೀ ನೋಡಿದ ಇರುವೆ, ಆದರೆ ಈಗ ಪೊಲೀಸರ ಹಾಗೆ ನೋಡಬೇಕಿತ್ತು. ಕಾಲು ಎಣಿಸಿದೆ, ಆರು. ಮೀಸೆ ಎರಡು. ಮೀಸೆಯ ಗೆಣ್ಣುಗಳು ಎಡಕ್ಕೂ ಬಲಕ್ಕೂ ಸಮ. ಗೂಡಿನ ಕೋಣೆಗಳ ಹೆಸರಲ್ಲಿ ಕಾಗುಣಿತದ ತಪ್ಪು ಇದೆಯಾ ಅಂತ ಹುಡುಕಿದೆ. ನನ್ನ ಕುರುಡು ದಾರಿಯೇ ತಪ್ಪಾಗಿರಬಹುದಾ ಅಂತ ಅನುಮಾನವಾಗಿ ಅದನ್ನೂ ಎರಡು ಸಲ ನೋಡಿದೆ. ತಾತ ಪಕ್ಕದಲ್ಲಿ ನಿಂತು, ಅಲ್ಲಿ ನೋಡಿಯಾಯ್ತು, ಅಲ್ಲೂ ನೋಡಿಯಾಯ್ತು ಅನ್ನುತ್ತಿದ್ದರು.

ಬೇರೆ ದಾರಿ ಕಾಣದೆ ಫೋನ್ ತೆಗೆದು ನನ್ನದೇ ಪುಸ್ತಕ ಓದತೊಡಗಿದೆ. ಒಂಬತ್ತನೇ ಪುಟದಲ್ಲಿ ನಾನೇ ಬರೆದಿದ್ದೆ: ‘ಇರುವೆಯ ದೇಹಕ್ಕೆ ತಲೆ, ನಡುಭಾಗ, ಹೊಟ್ಟೆ ಅಂತ ಮೂರು ಭಾಗ. ಆರೂ ಕಾಲುಗಳು ಹೊರಡುವುದು ನಡುಭಾಗದಿಂದಲೇ.’ ಹಸ್ತಪ್ರತಿಯಲ್ಲಿ ಚಿಕ್ಕಮ್ಮನ ಹೇ.ಗೊ.ಗೆ ಕಾಲೇಜಿನ ಜೀವಶಾಸ್ತ್ರದ ಮೇಡಂ ಹೆಸರು ಬರೆದು ಪಾಸಾಗಿದ್ದೆ. ಎದುರು ಪುಟಕ್ಕೇ ಚಾರ್ಟಿನ ಚಿತ್ರ ಹಾಕಿಸಿದ್ದೂ ನಾನೇ.

ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಕಾಲನ್ನು ತುದಿಯಿಂದ ಬುಡದವರೆಗೂ ಸವರಿಕೊಂಡು ಹೋದೆ. ಒಂದು, ಸರಿ. ಎರಡು, ಸರಿ. ಐದನೆಯದೂ ಸರಿ. ಆರನೆಯದು, ಎಡಗಡೆಯ ಕೊನೆಯ ಕಾಲು, ನಡುಭಾಗವನ್ನು ಕೂದಲೆಳೆಯಷ್ಟರಲ್ಲಿ ದಾಟಿ, ಹೊಟ್ಟೆಗೂ ನಡುಭಾಗಕ್ಕೂ ಮಧ್ಯೆ ಇರುವ ಸಣ್ಣ ಸೊಂಟಕ್ಕೆ ಹೋಗಿ ಅಂಟಿಕೊಂಡಿತ್ತು.

ತಾತನ ಬೆರಳನ್ನು ಹಿಡಿದು ಅದೇ ಜಾಗಕ್ಕೆ ಒಯ್ದೆ. ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

“ಇಷ್ಟಕ್ಕಾ?” ಅಂದರು ಕೊನೆಗೆ. ಆಮೇಲೆ ತಾವೇ, “ಇಷ್ಟಕ್ಕೇ ಹೋಗೋರು ಅವ್ರು,” ಅಂದರು.

ಟೀಚರ್ ಕನ್ನಡಕಕ್ಕೆ ಅಳತೆ ಕೊಟ್ಟಿರುವ ವಿಷಯ ಹೇಳಿದೆ. ತಾತ ಅಂಗಿಯ ಗುಂಡಿ ಸರಿಮಾಡಿಕೊಂಡರು, ಟೀಚರ್ ಅಲ್ಲೇ ಎದುರಿಗೆ ನಿಂತಿದ್ದಾರೇನೋ ಅನ್ನುವ ಹಾಗೆ.

ನಾನು ವಾಪಸ್ ಬರುವಷ್ಟರಲ್ಲಿ ಚಿಕ್ಕಮ್ಮ ಮೇಜಿನ ಮುಂದೆ ಕೂತು ಕವರುಗಳಿಗೆ ಅಂಟು ಹಚ್ಚುತ್ತಿದ್ದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬಸ್ಸು, ಬೆಂಕಿಪೊಟ್ಟಣ, ಸೊಂಟ, ಸಮಾಧಿ, ಎಲ್ಲ ಕಲಸಿಹೋಯಿತು. ಅವಳು ಅಂಟಿನ ಕುಂಚವನ್ನು ಡಬ್ಬಿಯಲ್ಲಿಟ್ಟು, ಮೊದಲಿಂದ ಹೇಳು, ಮಧ್ಯೆ ಉಸಿರಾಡು ಅಂದಳು. ಎರಡನೇ ಸಲ ಹೇಳಿದಾಗ ಕಥೆ ಅರ್ಧ ಚಿಕ್ಕದಾಗಿತ್ತು, ನನ್ನ ತಪ್ಪು ಮಾತ್ರ ದೊಡ್ಡದಾಗಿತ್ತು.

ಬೈಯುತ್ತಾಳೆ ಅಂತ ಕಾದೆ. ಅವಳು ಪೆನ್ಸಿಲ್ ಕೈಗೆತ್ತಿಕೊಂಡಳು.

“ಅಂಗಡಿಗೆ ಬಂದೋರು ಅವ್ರೇ ಅಂತ ಹೇಗೆ ಗೊತ್ತು?”

“ಸಹಿ ಕೆಳಗೆ ಇರುವೆ ಇದೆಯಂತೆ.”

“ಯಾರು ನೋಡಿದ್ದು?”

“ಅಕ್ಕ.”

“ನೀನು?”

ಬೀಗದ ತಾತ ಹೇಳಿದರು, ಅಕ್ಕ ಹೇಳಿದಳು. ಹೋದ ಸಲವೂ ಹೀಗೇ ಆಗಿತ್ತು.

ಚಿಕ್ಕಮ್ಮ ಎದ್ದು ಹಿಂದಿನ ಕೋಣೆಗೆ ಹೋಗಿ ಹಾಳೆಗಳ ಕಟ್ಟನ್ನು ನೋಡಿದಳು. ಬೈಂಡರಿಗೆ ಫೋನ್ ಮಾಡಿ ನಾಳೆ ಬರಬೇಡಿ ಅಂದಳು. ಶಾಲೆಗೆ ಫೋನ್ ಮಾಡಿ ಶನಿವಾರ ಪುಸ್ತಕ ಆಗುವುದಿಲ್ಲ, ಅದರಲ್ಲಿ ಸತ್ತವರು ಬದುಕಿದ್ದಾರೆ ಅಂದಳು. ಆ ಕಡೆಯವರು ಏನು ಕೇಳಿದರೋ, ಹೌದು ಸಂತೋಷದ ವಿಷಯವೇ ಅಂದಳು. ಎರಡು ಹಾಳೆ ಮತ್ತೆ ಅಚ್ಚು ಹಾಕಿಸಬೇಕು, ಹೊರಗಿನದೊಂದು, ಚಾರ್ಟ್ ಇರುವ ನಡುವಿನದೊಂದು. ನಾನು ಹಿಂದೆ ನಿಂತು, ಮುಂದಿನ ಮೂರು ಪುಸ್ತಕ ಅಂತ ಬಾಯಿ ತೆಗೆದೆ.

“ಅದರ ಮಾತು ಈಗ ಬೇಡ. ಮೊದಲು ಇವ್ರನ್ನ ಬದುಕಿಸು.”

ಟೀಚರ್ ನಂಬರ್ ಕೊಡು ಅಂತ ಅಕ್ಕನಿಗೆ ದುಂಬಾಲು ಬಿದ್ದೆ. ಗಿರಾಕಿಯ ನಂಬರ್ ಕೊಡುವ ಹಾಗಿಲ್ಲ, ನಿನ್ನಂಥ ತಂಗಿಗಂತೂ ಮೊದಲೇ ಇಲ್ಲ ಅಂದಳು. ಆದರೆ ಗಾಜು ಯಾವಾಗ ಸಿದ್ಧವಾಗುತ್ತದೆ ಅಂತ ತಿಳಿಸಲು ಅವಳೇ ಅವರಿಗೆ ಫೋನ್ ಮಾಡಬೇಕಿತ್ತು. ಅಂಗಡಿಗೆ ಬಂದು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿರು, ಅವರು ಒಪ್ಪಿದರೆ ಕೊಡ್ತೀನಿ ಅಂದಳು.

ಕನ್ನಡಕಗಳ ಸಾಲಿನ ನಡುವೆ, ನೂರು ಕಣ್ಣುಗಳ ಎದುರು ನಿಂತ ಹಾಗೆ ನಿಂತಿದ್ದೆ. ಅಕ್ಕ ಗಾಜಿನ ವಿಷಯ ಮುಗಿಸಿ, ನನ್ನ ತಂಗಿ ನಿಮ್ಮ ಬಗ್ಗೆ ಮಕ್ಕಳ ಪುಸ್ತಕ ಬರೆದಿದ್ದಾಳೆ, ಅವಳಿಗೆ ನಿಮ್ಮ ಹತ್ತಿರ ಸ್ವಲ್ಪ ಕ್ಷಮೆ ಕೇಳಬೇಕಂತೆ ಅಂದಳು. ಸ್ವಲ್ಪ ಅಂತೆ. ಫೋನ್ ನನ್ನ ಕೈಗೆ ಬಂತು. ಬರುವ ದಾರಿಯಲ್ಲಿ ಏನೇನು ಹೇಳಬೇಕು ಅಂತ ಟೈಪ್ ಮಾಡಿಟ್ಟುಕೊಂಡಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ.

“ಟೀಚರ್, ನಾನು ನಿಮ್ಮನ್ನ ಸಾಯಿಸಿಬಿಟ್ಟಿದ್ದೀನಿ.”

“ಯಾವಾಗ?” ಧ್ವನಿ ತೆಳುವಾಗಿತ್ತು, ಆದರೆ ಚುರುಕಾಗಿತ್ತು.

“ಮೂವತ್ತೊಂದು ವರ್ಷದ ಹಿಂದೆ. ಜೂನ್‌ನಲ್ಲಿ.”

“ಜೂನ್‌ನಲ್ಲಿ ಸಾಯೋಕೆ ಪುರುಸೊತ್ತೆಲ್ಲಿ? ಇರುವೆಗಳಿಗೆ ರೆಕ್ಕೆ ಬರೋ ಕಾಲ ಅದು. ಯಾರು ಹೇಳಿದ್ದು ನಿನಗೆ?”

ಬೀಗದ ತಾತನ ಮಾತನ್ನು ಇದ್ದ ಹಾಗೇ ಹೇಳಿದೆ. ಅವರು ತಾತ ಅನ್ನುವ ಪದ ಕೇಳಿ ಬಹಳ ನಕ್ಕರು. ಅವನಿಗೆ ಇನ್ನೂ ಮೂರನೇ ಕೋಣೆಯ ಬೀಗ ಸರಿಯಾಗಿ ತೆಗೆಯಲು ಬರುವುದಿಲ್ಲವಾ ಅಂತ ಕೇಳಿದರು. ಎಣ್ಣೆ ಬಿಡುತ್ತಿದ್ದರು ಅಂದೆ. ಎರಡು ವರ್ಷದ ಹಿಂದೆ ವಾಪಸ್ ಬಂದು ಮೂರೇ ಬೀದಿ ಆಚೆ ಇದ್ದಾರಂತೆ, ಮ್ಯೂಸಿಯಂ ಕಡೆ ಮಾತ್ರ ಕಾಲು ಏಳಲಿಲ್ಲವಂತೆ. ಕೊನೆಯ ಪುಟ ಓದು ಅಂದರು. ಬೇಡ ಟೀಚರ್ ಅಂದೆ, ಓದು ಅಂದರು. ಸಮಾಧಿಯ ಸಾಲನ್ನು ಓದುವಾಗ ನನ್ನ ಕಿವಿ ಕಾದ ಹೆಂಚಾಗಿತ್ತು. ಅಕ್ಕ ನಗು ತಡೆಯಲು ಫ್ರೇಮುಗಳ ಧೂಳು ಒರೆಸುತ್ತಾ ಆ ಕಡೆ ತಿರುಗಿಕೊಂಡಳು.

“ಆ ಸಾಲು ಚೆನ್ನಾಗಿದೆ, ಎತ್ತಿಟ್ಕೋ,” ಅಂದರು ಟೀಚರ್. “ಮುಂದೆ ಬೇಕಾಗುತ್ತೆ.”

ಆಮೇಲೆ ಅವರ ಧ್ವನಿಯ ಚುರುಕು ಇಳಿಯಿತು. ಪುಸ್ತಕದಲ್ಲಿ ಚಾರ್ಟ್ ಹಾಕಿದ್ದೀರಾ ಅಂತ ಕೇಳಿದರು. ಹಾಕಿದ್ದೀವಿ ಅಂದೆ.

“ನೋಡಿದ್ಯಾ?”

“ನೋಡಿದೆ ಟೀಚರ್. ಎಡಗಡೆ ಕೊನೇ ಕಾಲು. ಸೊಂಟದಿಂದ ಹೊರಟಿದೆ.”

ಫೋನ್ ಕಟ್ಟಾಯಿತೇನೋ ಅಂತ ಪರದೆ ನೋಡಿದೆ, ಸೆಕೆಂಡುಗಳು ಓಡುತ್ತಲೇ ಇದ್ದವು.

“ಹೇಗೆ ಗೊತ್ತಾಯ್ತು? ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಬೆರಳಿಟ್ಟು ನೋಡಿದೆ.”

“ಅವತ್ತು ದೀಪ ಹೋಗಿತ್ತು,” ಅಂದರು ಅವರು ನಿಧಾನಕ್ಕೆ. “ನಾಳೆ ಮುಗಿಸೋಣ ಅಂತ ಬಿಡಬೇಕಿತ್ತು. ಬಿಡ್ಲಿಲ್ಲ. ಒಂದೇ ಒಂದು ಕಾಲು ತಾನೇ ಅಂತ ಕತ್ತಲೆಯಲ್ಲೇ ಎಳೆದುಬಿಟ್ಟೆ. ಆಮೇಲೆ ಎಷ್ಟು ಶಾಲೆ ಮುಂದೆ ಹಾದುಹೋದ್ರೂ ಆ ಕಾಲು ಒಳಗಿಂದ ನನ್ನನ್ನ ಕರೀತಿತ್ತು. ಒಂದು ಮಗುವಾದ್ರೂ ಎದ್ದು ನಿಂತು ಇದು ತಪ್ಪು ಅನ್ನುತ್ತೆ ಅಂತ ಕಾದೆ.”

ನಾನು ಹನ್ನೆರಡು ವರ್ಷ ಅದರ ಮುಂದೆಯೇ ಕೂತಿದ್ದೆ, ಎದ್ದು ನಿಲ್ಲಲಿಲ್ಲ ಅಂತ ಹೇಳಿದೆ. ಈಗ ನಿಂತಿದ್ದೀಯಲ್ಲ ಅಂದರು. ಎರಡು ಹಾಳೆ ಮತ್ತೆ ಅಚ್ಚಾಗುತ್ತವೆ, ಕಾಲು ಸರಿಮಾಡಿ ಬರೆದುಕೊಡ್ತೀರಾ ಅಂತ ಕೇಳಿಯೇಬಿಟ್ಟೆ. ಚಿಕ್ಕಮ್ಮನನ್ನು ಕೇಳದೆ ಕೇಳಿದ್ದು ಅದು. ಅವರು ಕೂಡಲೇ ಹೂಂ ಅನ್ನಲಿಲ್ಲ. ಹೊಸ ಗಾಜು ಹಾಕಿಕೊಂಡು ಮೊದಲು ಚಾರ್ಟ್ ನೋಡುತ್ತೇನೆ, ಆಮೇಲೆ ಇಪ್ಪತ್ತನಾಲ್ಕು ಪುಟವನ್ನೂ ಓದುತ್ತೇನೆ, ಇನ್ನೇನೇನು ತಪ್ಪಿದೆಯೋ ಅಂದರು. ನನಗೆ ಹೆದರಿಕೆಯಾಯಿತು. ಹಾಗೇ ಸ್ವಲ್ಪ ಖುಷಿಯೂ ಆಯಿತು.

ಕನ್ನಡಕ ಸಿದ್ಧವಾಗುವುದು ನಾಳೆ ನಾಲ್ಕು ಗಂಟೆಗೆ. ಅಂಗಡಿಯಲ್ಲೇ ಕೂರೋಣ, ಅಲ್ಲಿ ಬೆಳಕು ಚೆನ್ನಾಗಿದೆ ಅಂದರು ಟೀಚರ್. ಅಕ್ಕ ಎರಡು ಸ್ಟೂಲ್ ಇದೆ ಅಂತ ಬೆರಳೆತ್ತಿ ತೋರಿಸಿದಳು. ಹಾಳೆಗಳನ್ನು ನಾನು ತರಬೇಕು, ಪೆನ್ಸಿಲ್ ಅವರು ತರುತ್ತಾರೆ. ಬೀಗದ ತಾತನನ್ನೂ ಕರೆದುಕೊಂಡು ಬಾ, ಬೀಗದ ಕೈ ಇನ್ಯಾರ ಕೈಗಾದರೂ ಕೊಟ್ಟು ಬರಲಿ ಅಂದರು.

“ಸರಿ ಹಾಗಾದ್ರೆ, ನಾನು ಹೋ…” ಅಂತ ಶುರುಮಾಡಿ ತಡೆದರು. “ಬೇಡಪ್ಪ, ನೀನು ಇನ್ನೇನಾದ್ರೂ ಬರ್ಕೊಂಡುಬಿಟ್ಟೀಯ. ನಾಳೆ ನಾಲ್ಕಕ್ಕೆ ಬರ್ತೀನಿ.”

“ಎಲ್ಲಿಗೆ ಟೀಚರ್?” ಅಂತ ಕೇಳಿದೆ.

“ಕನ್ನಡಕದ ಅಂಗಡಿಗೆ,” ಅಂದರು. “ಬರ್ಕೋ.”

ನಾನು ಬರೆದುಕೊಂಡೆ.